ಯಾರೂ ಸೀಳದ ಮೀನು

ನಮ್ಮ ಪೆರೆಸ್ ಅತ್ತಿಗೆಗೆ ಓದು ಬರಹ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದ ನನಗೆ, ಅರವತ್ತೊಂದನೆಯ ವಯಸ್ಸಿನಲ್ಲಿ, ನಾಲ್ಕನೇ ಇಯತ್ತೆಯ ಪಾಠವೊಂದನ್ನು ತಿದ್ದಿ ಕಲಿಸಿದವಳು ಅವಳೇ. ಕಲಿತದ್ದು ಸುಲಭವಾಗಿ ಅಲ್ಲ. ಕಿವಿ ಹಿಂಡಿಸಿಕೊಂಡು ಕಲಿತೆ.

ಮನುಷ್ಯನಿಗೆ ಕೆಲವು ವಿಷಯಗಳು ತಡವಾಗಿ ತಿಳಿಯುತ್ತವೆ. ಸೊಳ್ಳೆಗಳಲ್ಲಿ ಕಚ್ಚುವುದು ಹೆಣ್ಣು ಮಾತ್ರ ಎಂದು ನನಗೆ ಗೊತ್ತಾದದ್ದು ನಲವತ್ತೆಂಟಕ್ಕೆ. ಖುಷಿಯಿಂದ ಮನೆಗೆ ಓಡಿ ಹೆಂಡತಿಗೆ ಹೇಳಿ ಎರಡು ದಿನದ ಚಹಾ ಕಳೆದುಕೊಂಡೆ. ಚಂದ್ರ ಹಗಲಲ್ಲೂ ಕಾಣುತ್ತಾನೆಂದು ನಮ್ಮ ದೊಡ್ಡಪ್ಪನಿಗೆ ತಿಳಿದಾಗ ಅವನಿಗೆ ಮೊಮ್ಮಕ್ಕಳಿದ್ದರು. ಇವೆಲ್ಲ ನಕ್ಕು ಬಿಡುವ ಸಂಗತಿಗಳು. ನಾನು ಹೇಳಹೊರಟಿರುವುದು ಹಾಗಲ್ಲ.

ಗೋತ್ ರಾತೆಂಗ್ ಎಂಬ ನಮ್ಮೂರಿನ ಸರೋವರದ ತೀರದಲ್ಲಿ ನಾವು ಎರಡು ಮೀನು ನಂಬಿ ಬದುಕುತ್ತೇವೆ. ಒಂದು ಎಂಬುತಾ. ಆಳೆತ್ತರ ಬೆಳೆಯುವ ದೊಡ್ಡ ಮೀನು, ಇಬ್ಬರು ಹೆಗಲು ಕೊಟ್ಟು ಹೊರಬೇಕು. ಇನ್ನೊಂದು ಓಮೆನಾ. ಕಿರುಬೆರಳುದ್ದದ ಬೆಳ್ಳಿಮೀನು. ದೀಪ ಕಟ್ಟಿಕೊಂಡು ಹೋದ ದೋಣಿಗಳು ಬೆಳಗಿನ ಹೊತ್ತಿಗೆ ಅದನ್ನು ಬುಟ್ಟಿಗಟ್ಟಲೆ ತಂದು ಸುರಿಯುತ್ತವೆ. ಹೆಂಗಸರು ತೀರದ ಬಯಲಿನಲ್ಲಿ ಹಳೆಯ ಬಲೆ ಹಾಸಿ, ಅದರ ಮೇಲೆ ಓಮೆನಾ ಹರಡಿ, ಕೊಕ್ಕರೆಗಳನ್ನು ಬೈದು ಓಡಿಸುತ್ತ ಒಣಗಿಸುತ್ತಾರೆ. ಎಂಬುತಾವನ್ನು ದಡದಲ್ಲೇ ಸೀಳಿ ಹೊಟ್ಟೆ ತೆಗೆಯುತ್ತೇವೆ. ಓಮೆನಾವನ್ನು ಯಾರೂ ಸೀಳುವುದಿಲ್ಲ. ತಲೆ, ಬಾಲ, ಹೊಟ್ಟೆ ಎಲ್ಲ ಇದ್ದಂತೆಯೇ ಒಣಗುತ್ತದೆ, ಇದ್ದಂತೆಯೇ ಟೊಮೆಟೊ ಜೊತೆ ಬೇಯುತ್ತದೆ, ಇದ್ದಂತೆಯೇ ಮುದ್ದೆಯ ಜೊತೆ ಬಾಯಿಗೆ ಹೋಗುತ್ತದೆ. ಅಷ್ಟು ಸಣ್ಣದನ್ನು ಸೀಳುತ್ತಾ ಕೂರಲು ಯಾರಿಗೆ ಪುರುಸೊತ್ತು?

ಈ ಓಮೆನಾ ಎಂಬುತಾದ ಮರಿ ಎಂದು ನಮ್ಮ ತೀರದಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನಪ್ಪನಿಗೆ ಗೊತ್ತಿತ್ತು, ಅವನಪ್ಪನಿಗೆ ಗೊತ್ತಿತ್ತು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ನಾಲ್ಕನೇ ಇಯತ್ತೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಒಂದು ದೊಡ್ಡ ಎಂಬುತಾ ಬರೆದೆ, ಅದರ ಕೆಳಗೆ ಹತ್ತು ಪುಟ್ಟ ಓಮೆನಾ ಬರೆದೆ, ಚಿಕ್ಕದರಿಂದ ದೊಡ್ಡದಕ್ಕೆ ಒಂದು ದಪ್ಪ ಬಾಣ ಎಳೆದೆ. ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಇದೆಯೇ ಎಂದು ನಾನು ನೋಡಲೂ ಇಲ್ಲ. ಆ ಬಾಣದ ಕೆಳಗೆ ಕೂತು ಈ ತೀರದ ಅರ್ಧ ಊರು ಅಕ್ಷರ ಕಲಿತಿದೆ.

ಪೆರೆಸ್ ಬಂದದ್ದು ಉಯೋಮಾ ಎಂಬ ಊರ ಕಡೆಯಿಂದ. ನನ್ನ ದೊಡ್ಡಪ್ಪನ ಮಗ ಒಗುತುವಿನ ಹೆಂಡತಿ. ಒಗುತು ತೀರಿಕೊಂಡು ಒಂಬತ್ತು ವರ್ಷವಾಯಿತು. ಅವಳು ಮದುವೆಯಾಗಿ ಬಂದ ತಿಂಗಳಲ್ಲೇ ಓಮೆನಾ ಒಣಹಾಕಲು ಬಯಲಿಗಿಳಿದಳು, ಇವತ್ತಿಗೂ ಇಳಿಯುತ್ತಾಳೆ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವಳು. ಆದರೂ ಅಣ್ಣನ ಹೆಂಡತಿ ಅತ್ತಿಗೆಯೇ, ಮತ್ತು ಅತ್ತಿಗೆ ಮೈದುನರ ನಡುವೆ ಗೇಲಿ ಇಲ್ಲದಿದ್ದರೆ ನಮ್ಮಲ್ಲಿ ಜಗಳವಾಗಿದೆ ಎಂದುಕೊಳ್ಳುತ್ತಾರೆ. ಅವಳು ನನ್ನನ್ನು "ಮೇಷ್ಟ್ರೇ, ನೀವು" ಎನ್ನುವುದೂ ಗೇಲಿಗೇ.

ಈಗ ಹೇಳಲು ಕಷ್ಟವಾದ ಮಾತು. ಅವಳ ಮೊದಲ ಮಗಳು ಅಕೆಚ್ ಹನ್ನೊಂದು ತಿಂಗಳಿಗೆ ಜ್ವರದಲ್ಲಿ ಹೋದಳು. ಎರಡನೆಯವನು ಒಗೊಲಾ, ಅವನೂ ಜ್ವರಕ್ಕೇ ಹೋದ, ನಾಲ್ಕು ತಿಂಗಳೂ ತುಂಬಲಿಲ್ಲ. ಅವನನ್ನು ಮಣ್ಣು ಮಾಡಿದ ಮೂರನೆಯ ದಿನ ಅಂಗಳದಲ್ಲಿ ನೆಂಟರು ಕೂತಿದ್ದಾಗ ಅವಳ ಅತ್ತೆ, ಅಂದರೆ ನನ್ನ ದೊಡ್ಡಮ್ಮ, ಎಲ್ಲರೆದುರು ಹೇಳಿದಳು: "ದಿನಾ ಬೆಳಗಾದ್ರೆ ಇನ್ನೊಬ್ಬರ ಮಕ್ಕಳನ್ನ ಬಿಸಿಲಿಗೆ ಹರಡೋಳು ಇವಳು. ಇವಳ ಮಕ್ಕಳು ಹೆಂಗೆ ಉಳಿದಾವು?"

ಯಾರೋ ಸಮಾಧಾನಕ್ಕೆ, "ಮೀನು ಮಕ್ಕಳೇನಮ್ಮ, ಬಿಡಿ," ಅಂದರು. ದೊಡ್ಡಮ್ಮ ನನ್ನ ಕಡೆ ತಿರುಗಿದಳು. ನಾನು ಹೊಸದಾಗಿ ಮೇಷ್ಟ್ರಾಗಿದ್ದೆ, ಇಪ್ಪತ್ತೈದು ವರ್ಷ, ಇಸ್ತ್ರಿ ಅಂಗಿ. "ಹೇಳು ಹೆಜೆಕಿಯಾ, ಓದಿದೋನು ನೀನು. ಓಮೆನಾ ಮರಿ ಹೌದೋ ಅಲ್ವೋ?"

"ಮರಿಗಳೇ ದೊಡ್ಡಮ್ಮ," ಅಂದೆ. ಪ್ರಶ್ನೆಗೆ ಉತ್ತರ ಕೊಟ್ಟೆ ಅಷ್ಟೇ ಎಂದು ನನ್ನ ಲೆಕ್ಕ.

 ಆ ದಿನದಿಂದ ಅತ್ತಿಗೆ ಓಮೆನಾ ಬಾಯಿಗಿಡಲಿಲ್ಲ. ಒಣಹಾಕುವುದನ್ನು ಬಿಟ್ಟರೆ ಬದುಕುವ ದಾರಿಯಿರಲಿಲ್ಲ, ಹಾಗಾಗಿ ಅದನ್ನು ಬಿಡಲಿಲ್ಲ. ಆಮೇಲೆ ಮೂರು ಮಕ್ಕಳಾದವು, ಮೂರೂ ಉಳಿದವು. ಅವರಿಗೆ ಓಮೆನಾ ಬೇಯಿಸಿ ಬಡಿಸಿ, ತಾನು ಮಾತ್ರ ಸೊಪ್ಪು ಮುದ್ದೆ ತಿಂದು ಏಳುತ್ತಿದ್ದಳು. ಓಮೆನಾ ಒಗ್ಗುವುದಿಲ್ಲವಂತೆ ಎಂದು ನಾವೆಲ್ಲ ಅಂದುಕೊಂಡೆವು. ಮೂವತ್ತಾರು ವರ್ಷ ಹಾಗೇ ಅಂದುಕೊಂಡಿದ್ದೆವು.

ಹೋದ ವರ್ಷ ಎಂಬುತಾ ತೀರಾ ಕಡಿಮೆಯಾಯಿತು. ತೀರದ ಸಮಿತಿಯ ಅಧ್ಯಕ್ಷ ಓಚೋಲನ ದೋಣಿ ಮೂರು ದಿನ ಹೋಗಿ ಎರಡು ಮೀನು ತರುತ್ತಿತ್ತು. ಓಚೋಲ ಕೆಟ್ಟವನಲ್ಲ. ನನ್ನ ಶಿಷ್ಯ, ನನ್ನ ಬಾಣದ ಕೆಳಗೇ ಕೂತವನು. ಒಂದು ಮಂಗಳವಾರ ಬಯಲಿಗೆ ಬಂದು ಹೆಂಗಸರಿಗೆ ಹೇಳಿದ:

"ಅಮ್ಮಂದಿರಾ, ಬೇಜಾರು ಮಾಡ್ಕೋಬೇಡಿ. ಮರಿ ಹಿಡಿದು ಒಣಗಿಸ್ತಾ ಕೂತ್ರೆ ದೊಡ್ಡ ಮೀನು ಎಲ್ಲಿಂದ ಬರ್ಬೇಕು? ಶನಿವಾರ ಸಭೆ ಇಟ್ಟಿದೀನಿ. ಇನ್ಮೇಲೆ ಓಮೆನಾ ದೋಣಿ ಈ ದಡಕ್ಕೆ ಬರೋ ಹಂಗಿಲ್ಲ ಅಂತ ತೀರ್ಮಾನ ಮಾಡೋಣ. ಈ ಬಯಲು ಖಾಲಿ ಆಗ್ಲಿ."

ಮೂವತ್ತು ನಲವತ್ತು ಹೆಂಗಸರು, ಅವರ ಒಲೆಗಳೆಲ್ಲ ಉರಿಯುವುದು ಆ ಬಯಲಿನಿಂದ. ಆದರೂ ಒಬ್ಬಳೂ ಎದುರಾಡಲಿಲ್ಲ. ತಪ್ಪು ಮಾಡುತ್ತಿದ್ದೇವೆ ಎಂದು ಅವರೂ ನಂಬಿದ್ದರು. ಗೊಣಗಿಕೊಂಡು ಬಲೆ ಮಡಿಸಿದರು.

ಅವತ್ತು ಮಧ್ಯಾಹ್ನ ಅತ್ತಿಗೆ ನಮ್ಮ ಜಗಲಿಗೆ ಬಂದಳು. ನನ್ನ ಹೆಂಡತಿ ಕೊಟ್ಟ ಗಂಜಿಯನ್ನು ಮುಟ್ಟದೆ ಕೇಳಿದಳು.

"ಮೇಷ್ಟ್ರೇ, ಓಮೆನಾ ಬೆಳೆದು ಎಂಬುತಾ ಆಗುತ್ತೆ ಅಲ್ವಾ?"

"ಆಗುತ್ತೆ."

"ಹಂಗಾದ್ರೆ ಮಧ್ಯದ್ದೆಲ್ಲಿ?"

"ಯಾವ ಮಧ್ಯದ್ದು?"

"ಕಿರುಬೆರಳುದ್ದ ಇರೋದು ಆಳುದ್ದ ಆಗ್ಬೇಕಾದ್ರೆ ನಡುವೆ ಒಂದು ವಯಸ್ಸಿರುತ್ತಲ್ಲ. ಹುಡುಗಿ ಒಂದೇ ಸಲ ಅಜ್ಜಿ ಆಗ್ತಾಳಾ? ಎಂಬುತಾ ಗೇಣುದ್ದದ್ದೂ ನೋಡಿದೀನಿ, ಮೊಳದುದ್ದದ್ದೂ ನೋಡಿದೀನಿ. ಗೇಣುದ್ದದ ಓಮೆನಾನ ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲ ನೋಡಿಲ್ಲ."

"ಅವು ಆಳದ ನೀರಿಗೆ ಹೋಗಿ ಬೆಳೀತವೆ ಅತ್ತಿಗೆ."

"ನೀವು ನೋಡಿದೀರಾ?"

"ನಾನು ಮೇಷ್ಟ್ರು, ಮೊಸಳೆ ಅಲ್ಲ."

ಹೆಂಡತಿ ಒಳಗಿಂದ ನಕ್ಕಳು. ಅತ್ತಿಗೆ ನಗಲಿಲ್ಲ. "ಸರಿ ಬಿಡಿ, ನಾನೇ ನೋಡ್ಕೋತೀನಿ," ಎಂದು ಎದ್ದು ಹೋದಳು. ಗಂಜಿ ಅಲ್ಲೇ ತಣ್ಣಗಾಯಿತು.

ಬುಧವಾರ ಬೆಳಗ್ಗೆ ದೋಣಿಗಳು ಬಂದ ಹೊತ್ತಿಗೆ ಅವಳು ಒಂದು ಬೇಸಿನ್ ಬೋರಲು ಹಾಕಿ, ಮೂಗಿನ ಮೇಲೆ ಒಗುತುವಿನ ಕನ್ನಡಕ ಏರಿಸಿ, ಕೈಯಲ್ಲಿ ಬ್ಲೇಡು ಹಿಡಿದು ಕೂತಿದ್ದಳು. ಒಂದೊಂದೇ ಓಮೆನಾ ಎತ್ತಿ ಹೊಟ್ಟೆ ಸೀಳುತ್ತಿದ್ದಳು. ಜೊತೆಯ ಹೆಂಗಸರಿಗೆ ಹಬ್ಬ.

"ಡಾಕ್ಟ್ರಮ್ಮ, ಪೇಷೆಂಟಿಗೆ ಏನಾಗಿದೆಯಂತೆ?"

"ಕರುಳು ತೆಗೆದು ಓಮೆನಾ ಬೇಯಿಸ್ತಾಳಂತೆ. ಉಯೋಮಾ ಕಡೆ ಅಡುಗೆ ಹಂಗೇ ಏನೋ."

ಅವಳು ತಲೆ ಎತ್ತಲಿಲ್ಲ. ಅವತ್ತು ನಲವತ್ತು ಮೀನು ಸೀಳಿದಳು. ಮೊದಮೊದಲು ಬೆರಳು ತಿರುಗಲಿಲ್ಲ, ಹೊಟ್ಟೆಯೆಲ್ಲ ಹಿಸುಕಿ ರಾಡಿಯಾಯಿತು. ಹೆಬ್ಬೆರಳು ಕೊಯ್ದುಕೊಂಡಳು. ಚಿಂದಿ ಸುತ್ತಿಕೊಂಡು ಮುಂದುವರಿಸಿದಳು. ಖಚಿತವಾಗಿ ಏನೂ ಕಾಣಲಿಲ್ಲ. ಗುರುವಾರ ಮತ್ತೆ ಕೂತಳು, ಈ ಸಲ ಹೊಟ್ಟೆ ಉಬ್ಬಿದವನ್ನೇ ಆರಿಸಿ. ಬ್ಲೇಡನ್ನು ಒತ್ತದೆ ತುದಿಯಿಂದ ಗೀರುವುದನ್ನು ಅಷ್ಟರಲ್ಲಿ ಕಲಿತಿದ್ದಳು.

ಬಿಸಿಲೇರುವ ಹೊತ್ತಿಗೆ ನಮ್ಮ ಜಗಲಿಯ ಮೇಲೆ ಒಂದು ಪಿಂಗಾಣಿ ತಟ್ಟೆ ಬಂದು ಕೂತಿತು. ತಟ್ಟೆಯಲ್ಲಿ ಆರು ಓಮೆನಾ, ಆರೂ ಹೊಟ್ಟೆ ತೆರೆದುಕೊಂಡು.

"ಪೇಪರ್ ಓದೋ ಭೂತಗನ್ನಡಿ ತಗೊಂಬನ್ನಿ," ಅಂದಳು.

ತಂದೆ. ನೋಡಿದೆ. ಬಾಲದವರೆಗೂ ತುಂಬಿಕೊಂಡು ಹಳದಿ ಬಿಳುಪಿನ ಒಂದು ಚೀಲ, ಚೀಲದೊಳಗೆ ರಾಗಿಗಿಂತ ಸಣ್ಣ ಸಣ್ಣ ಕಾಳು, ಲೆಕ್ಕವಿಲ್ಲದಷ್ಟು. ಎಂಬುತಾದ ಹೊಟ್ಟೆಯಲ್ಲಿ ಮೊಟ್ಟೆ ನೋಡಿ ಬೆಳೆದವರು ನಾವು. ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮಗು ಬಸುರಿ ಆಗುತ್ತಾ ಮೇಷ್ಟ್ರೇ?"

ನಾನು ಏನು ಮಾಡಿದೆ ಗೊತ್ತೇ? ಗಂಟಲು ಸರಿಮಾಡಿಕೊಂಡು, "ಒಂದು ದೋಣಿಯ ಮೀನು ನೋಡಿ ಹಂಗೆಲ್ಲ ಹೇಳೋಕಾಗಲ್ಲ ಅತ್ತಿಗೆ," ಅಂದೆ. ಮಾತು ತಪ್ಪಲ್ಲ, ಆದರೆ ನಾನು ಅದನ್ನು ಹೇಳಿದ ಕಾರಣ ತಪ್ಪು. ಗೋಡೆಯ ಮೇಲಿನ ಬಾಣ ಕಣ್ಣ ಮುಂದೆ ಬಂದಿತ್ತು.

"ಒಪ್ಪಿದೆ," ಅಂದಳು. ಶುಕ್ರವಾರ ಬೇರೆ ಎರಡು ದೋಣಿಗಳ ಮೀನು ತಂದಳು. ಅವುಗಳಲ್ಲೂ ಮೊಟ್ಟೆ. ಮೊಟ್ಟೆಯಿಲ್ಲದ ಕೆಲವನ್ನೂ ತಂದು, ಒಳಗಿನ ಬಿಳಿ ಹಾಲಿನಂಥದ್ದನ್ನು ಬ್ಲೇಡಿನ ತುದಿಯಲ್ಲಿ ತೋರಿಸಿದಳು. "ಇವು ಗಂಡಸರು. ಗಂಡ ಹೆಂಡ್ತಿ ಕೂಡಿ ಸಂಸಾರ ಮಾಡ್ತಿರೋ ಮೀನಿವು. ನಾಳೆ ಸಭೇಲಿ ನಾನು ಸೀಳಿ ತೋರಿಸ್ತೀನಿ, ನೀವು ಎದ್ದು ಹೇಳಿ. ನನ್ನ ಮಾತು ಯಾರು ನಂಬ್ತಾರೆ? ನೀವು ಹೇಳಿದ್ದನ್ನ ನಂಬಿದ್ರು, ನೀವೇ ಅಲ್ಲ ಅಂದ್ರೆ ಬಿಡ್ತಾರೆ."

"ನೋಡೋಣ ಅತ್ತಿಗೆ. ನಿವೃತ್ತಿ ಆದೋನು ನಾನು. ಎಲ್ಲದಕ್ಕೂ ಮೂಗು ತೂರ್ಸೋದು ಚೆನ್ನಾಗಿರಲ್ಲ."

ಅವಳು ತಟ್ಟೆಯನ್ನು ಕೆಳಗಿಟ್ಟಳು. ಗೇಲಿಯ 'ಮೇಷ್ಟ್ರೇ' ಈ ಸಲ ಬಾಯಿಗೆ ಬರಲಿಲ್ಲ.

"ಹೆಜೆಕಿಯಾ, ಒಗೊಲಾನ ಮಣ್ಣು ಮಾಡಿ ಮೂರು ದಿನ ಆಗಿತ್ತು. ನನ್ನ ಎದೇಲಿ ಹಾಲು ಇನ್ನೂ ನಿಂತಿರ್ಲಿಲ್ಲ. ಅತ್ತೆ ಅಂದ ಮಾತನ್ನ ಅತ್ತೆ ಮಾತು ಅಂತ ಮರೀತಿದ್ದೆ. ನೀನು ಹೌದು ಅಂದೆ. ಓದಿದೋನು ಹೌದು ಅಂದ್ಮೇಲೆ ಅದು ನಿಜ ಆಗ್ಹೋಯ್ತು. ನನ್ನ ಕೈಯಿಂದ್ಲೇ ನನ್ನ ಮಕ್ಕಳು ಹೋದ್ವು ಅಂತ ಮೂವತ್ತಾರು ವರ್ಷ ದಿನಾ ಬೆಳಗ್ಗೆ ಎದ್ದು ಅದೇ ಕೈಯಲ್ಲಿ ಮೀನು ಹರಡಿದೀನಿ. ಅವತ್ತು ಮೂಗು ತೂರ್ಸಿದ್ದು ಚೆನ್ನಾಗಿತ್ತಾ?"

ನಾನು ಆ ಮಾತನ್ನು ಮರೆತೇಬಿಟ್ಟಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಹೇಳಿದವನಿಗೆ ನೆನಪಿಲ್ಲದ ಒಂದು ಮಾತನ್ನು ಒಬ್ಬಳು ಅಷ್ಟು ವರ್ಷ ಹೊತ್ತಿದ್ದಳು. ಓಮೆನಾ ಒಗ್ಗದೆ ಅವಳು ತಿನ್ನುವುದು ಬಿಟ್ಟಿದ್ದಲ್ಲ.  ಅವಳು ತಟ್ಟೆ ಎತ್ತಿಕೊಂಡು, "ಬಂದ್ರೆ ಬಾ, ಬಿಟ್ರೆ ಬಿಡು. ನಾನಂತೂ ಹೋಗ್ತೀನಿ," ಎಂದು ಹೊರಟಳು.

ಶನಿವಾರ ಮೀನು ತೂಗುವ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತಿಗೆ ಮುಂದೆ ಮೂರು ಬೇಸಿನ್ ಇಟ್ಟುಕೊಂಡು, ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತಿದ್ದಳು. ಓಚೋಲ ತನ್ನ ಮಾತು ಮುಗಿಸಿದ ಮೇಲೆ ಎದ್ದಳು.

"ಅಧ್ಯಕ್ಷರೇ, ಇವು ಮೂರು ದೋಣಿ ಮೀನು. ನೀವೇ ಒಂದು ಎತ್ತಿಕೊಡಿ. ನಾನು ಆರಿಸಿದೆ ಅನ್ನೋದು ಬೇಡ."

ಓಚೋಲ ನಗುತ್ತಲೇ ಒಂದು ಎತ್ತಿಕೊಟ್ಟ. ಅವಳು ಗೀರಿದಳು. ಮೊಟ್ಟೆಯಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. "ಇದು ಗಂಡು, ನೋಡಿ," ಎಂದು ಬಿಳಿ ಹಾಲನ್ನು ಅವನ ಅಂಗೈ ಮೇಲೆ ಒತ್ತಿದಳು. "ಇನ್ನೊಂದು ಕೊಡಿ." ಅವನು ಕೊಟ್ಟ. ಗೀರಿದಳು. ಅದರ ಹೊಟ್ಟೆಯಿಂದ ಮೊಟ್ಟೆಯ ಚೀಲ ಪೂರ್ತಿಯಾಗಿ ಹೊರಬಂದು ಬ್ಲೇಡಿನ ಮೇಲೆ ನಿಂತಿತು. ಓಚೋಲ ಬಗ್ಗಿದ. ಅವನ ನಗು ನಿಂತಿತು. ತಾನೇ ಬ್ಲೇಡು ಕೇಳಿ ತೆಗೆದುಕೊಂಡು ಇನ್ನೊಂದನ್ನು ಸೀಳಿದ. ಅದರಲ್ಲೂ ಇತ್ತು. ಜನ ಒಬ್ಬರ ಮೇಲೊಬ್ಬರು ಬಿದ್ದು ಬೇಸಿನ್ ಸುತ್ತ ಸೇರಿದರು.

ಅಷ್ಟರಲ್ಲಿ ಓಚೋಲನ ಬೆರಳಿಗೆ ಬೇರೆಯದೇ ಒಂದು ಸಿಕ್ಕಿತು. ಬೆನ್ನ ಮೇಲೆ ಮುಳ್ಳು, ಅಗಲ ಬಾಯಿ. "ಇದೇನು ಮತ್ತೆ? ಇದು ಎಂಬುತಾ ಮರಿ ಅಲ್ವಾ?"

 ಅವಳು ಅಲ್ಲ ಎನ್ನುತ್ತಾಳೆ ಅಂದುಕೊಂಡೆ.

"ಹೌದು. ಅದು ಮರಿಯೇ," ಅಂದಳು. "ಈ ಮೂರು ದಿನ ಹುಡುಕಿದೀನಿ. ಏಳು ಬೇಸಿನ್‌ನಲ್ಲಿ ಹನ್ನೊಂದು ಸಿಕ್ವು. ಎಲ್ಲಾ ದಡದ ಜೊಂಡಿನ ಹತ್ರ ಬಲೆ ಬಿಡೋ ದೋಣೀವು. ಕರಿಬಂಡೆ ಆಚೆ ಆಳದ ನೀರಿಗೆ ಹೋಗೋ ದೋಣೀಲಿ ಒಂದೂ ಇರ್ಲಿಲ್ಲ. ಜೊಂಡಿನ ಹತ್ರ ಬಲೆ ಬೇಡ ಅನ್ನಿ, ನಾನೇ ಮೊದ್ಲು ಕೈ ಎತ್ತೀನಿ. ಆದ್ರೆ ಇವನ್ನ ಮರಿ ಅನ್ಬೇಡಿ. ಇವು ಇರೋದೇ ಇಷ್ಟು."

ಓಚೋಲ ಬೇಸಿನ್ ನೋಡಿದ, ಅವಳನ್ನು ನೋಡಿದ, ಆಮೇಲೆ ಜನರ ತಲೆಗಳ ಮೇಲಿಂದ ನನ್ನನ್ನು ಹುಡುಕಿದ. "ಮೇಷ್ಟ್ರೇ, ನಮಗೆಲ್ಲ ಹೇಳಿಕೊಟ್ಟೋರು ನೀವು. ನೀವು ಏನಂತೀರಿ?"

ಎದ್ದೆ. 

"ನಾನು ಹೇಳಿಕೊಟ್ಟಿದ್ದು ತಪ್ಪು," ಅಂದೆ. "ಓಮೆನಾ ಎಂಬುತಾ ಮರಿ ಅಲ್ಲ. ಅದು ಬೇರೆ ಮೀನು. ದೊಡ್ಡದಾದ್ಮೇಲೂ ಅಷ್ಟೇ ಇರುತ್ತೆ. ನಾನು ಒಂದೇ ಒಂದು ಮೀನನ್ನೂ ಸೀಳಿ ನೋಡಿರ್ಲಿಲ್ಲ. ಕೇಳಿದ್ದನ್ನ ಹೇಳ್ದೆ."

ಅಲ್ಲಿಗೆ ಕೂರಬಹುದಿತ್ತು. ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು. ಕೂರಲಿಲ್ಲ.

"ಇನ್ನೊಂದು ಮಾತಿದೆ. ಮೂವತ್ತಾರು ವರ್ಷದ ಹಿಂದೆ, ನಮ್ಮ ಒಗುತು ಅಣ್ಣನ ಅಂಗಳದಲ್ಲಿ, ಮಗು ಕಳಕೊಂಡ ಈ ತಾಯಿ ಎದುರಿಗೆ ಇದೇ ತಪ್ಪನ್ನ ಹೇಳ್ದೆ. ಅವತ್ತು ಅಲ್ಲಿದ್ದೋರು ಕೆಲವರು ಇಲ್ಲೂ ಇದೀರಿ. ಇವಳ ಕೈಯಲ್ಲಿ ಯಾವ ಪಾಪವೂ ಇರ್ಲಿಲ್ಲ. ಅಕೆಚ್ ಹೋಗಿದ್ದು ಜ್ವರದಿಂದ. ಒಗೊಲಾ ಹೋಗಿದ್ದು ಜ್ವರದಿಂದ. ಎಲ್ಲರೂ ಕೇಳಿಸಿಕೊಳ್ಳಿ."

 ಆ ಎರಡು ಹೆಸರುಗಳನ್ನು ಯಾರೂ ಬಾಯಿಬಿಟ್ಟು ಹೇಳಿ ಎಷ್ಟೋ ವರ್ಷಗಳಾಗಿದ್ದವು. ಅತ್ತಿಗೆ ಕನ್ನಡಕ ತೆಗೆದು, ಸೆರಗಿನಂತೆ ಹೊದ್ದ ಬಟ್ಟೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಆಮೇಲೆ ಎಲ್ಲರೂ ಕೈ ಎತ್ತಿದರು. ಜೊಂಡಿನ ಹತ್ತಿರ ಯಾರೂ ಬಲೆ ಬಿಡಬಾರದು, ಬಯಲು ಹೆಂಗಸರಿಗೇ ಇರಲಿ ಎಂದು ತೀರ್ಮಾನವಾಯಿತು. ಡಾಕ್ಟ್ರಮ್ಮ ಎಂದು ಆಡಿಕೊಂಡವರೇ ಅವಳ ಬೇಸಿನ್‌ಗಳನ್ನು ಹೊತ್ತು ನಡೆದರು.

ಮಾರನೆಯ ದಿನ ಚರ್ಚಿನಿಂದ ಬಂದವಳು ನನ್ನನ್ನೂ ನನ್ನ ಹೆಂಡತಿಯನ್ನೂ ಊಟಕ್ಕೆ ಕರೆದಳು. ಮುದ್ದೆ, ಈರುಳ್ಳಿ ಟೊಮೆಟೊ ಹಾಕಿದ ಓಮೆನಾ. ನಮಗೆ ಬಡಿಸಿದಳು, ತನ್ನ ತಟ್ಟೆಗೂ ಬಡಿಸಿಕೊಂಡಳು. ಒಂದು ಓಮೆನಾ ಎತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ತಲೆಸಮೇತ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ನಾನು ತಿನ್ನುವುದು ಬಿಟ್ಟು ಅವಳನ್ನೇ ನೋಡುತ್ತಿದ್ದೆ.

"ಅತ್ತೆಗೆ ಇದು ತಿಳೀಲೇ ಇಲ್ಲ," ಅಂದಳು. "ಅವರಿಗೂ ಮೊಮ್ಮಕ್ಕಳು ಹೋದ ಸಂಕಟ. ಯಾರ ಮೇಲಾದ್ರೂ ಹಾಕ್ಬೇಕಿತ್ತು, ನನ್ನ ಮೇಲೆ ಹಾಕಿದ್ರು." ಇನ್ನೊಂದು ತುತ್ತು ತಿಂದಳು. "ಮೇಷ್ಟ್ರೇ, ಊಟ ಮಾಡಿ. ನಾಳೆ ಕೆಲಸ ಇದೆ ನಿಮಗೆ."

ಸೋಮವಾರ ಮಕ್ಕಳು ಬರುವ ಮೊದಲೇ ನಾವಿಬ್ಬರೂ ಶಾಲೆಯಲ್ಲಿದ್ದೆವು. ಹೆಡ್‌ಮಾಸ್ಟರಿಗೆ ಹೇಳಿ ಒಂದು ಡಬ್ಬಿ ಸುಣ್ಣ, ಒಂದು ಬ್ರಷ್ ಇಸಿದುಕೊಂಡೆ. ಶಾಲೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತು, ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ದೊಡ್ಡ ಎಂಬುತಾ, ಹತ್ತು ಓಮೆನಾ, ನನ್ನ ದಪ್ಪ ಬಾಣ.

"ಮೀನು ಚೆನ್ನಾಗಿ ಬರ್ದಿದೀರಿ. ಮೀನು ಇರ್ಲಿ," ಅಂದಳು. "ಆ ಗೀಟು ಮಾತ್ರ ಅಳಿಸಿ."

ಬಾಣದ ಮೇಲೆ ಸುಣ್ಣ ಬಳಿದೆ. ಹಿಂದಕ್ಕೆ ಸರಿದು ನಿಂತು, "ಆಯ್ತು, ನಡಿ ಹೋಗೋಣ ಅತ್ತಿಗೆ," ಅಂದೆ. ಅವಳು ಏಳಲಿಲ್ಲ. ಸುಣ್ಣ ಆರುವವರೆಗೂ ಕೈ ಕಟ್ಟಿ ಕೂತಿದ್ದಳು. ಆಮೇಲೆ ಒಗುತುವಿನ ಕನ್ನಡಕ ಏರಿಸಿ, ಎದ್ದು ಬಂದು, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದಳು.

"ಇನ್ನೊಂದು ಸಲ ಬಳೀರಿ," ಅಂದಳು. "ಇನ್ನೂ ಕಾಣ್ತಿದೆ."